ನೊಂದವರು ಕೂಡಿದರೆ ನೋವು ಯಾಕೆ ಹೆಚ್ಚುವುದಿಲ್ಲ?

ದುಃಖ ಹಂಚಿಕೊಂಡರೆ ಹಗುರಾಗುತ್ತದೆ ಎಂಬ ಮಾತನ್ನು ಕೇಳದವರಿಲ್ಲ. ಸಾವಾದ ಮನೆಗೆ ಹೋಗಿ ಸುಮ್ಮನೆ ಒಂದು ತಾಸು ಕೂತು ಬರುತ್ತೇವೆ. ಕಷ್ಟ ಬಂದಾಗ ಅಕ್ಕನಿಗೋ ಗೆಳೆಯನಿಗೋ ಫೋನ್ ಮಾಡುತ್ತೇವೆ. ಆದರೆ ಇದಕ್ಕೆ ತದ್ವಿರುದ್ಧವಾದ ಅನುಭವವೂ ನಮಗೆಲ್ಲ ಇದೆ. ಸದಾ ಕೊರಗುವವರ ಪಕ್ಕ ಬಹಳ ಹೊತ್ತು ಕೂತರೆ ನಮ್ಮ ಮನಸ್ಸೂ ಕುಗ್ಗುತ್ತದೆ. ಒಬ್ಬರ ಹೆದರಿಕೆ ಇನ್ನೊಬ್ಬರಿಗೆ ಹತ್ತುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾದಾಗ ನದಿ ದಂಡೆಯ ಊರುಗಳು ಎಷ್ಟು ಹೆದರಿದ್ದವು, ಕಾಲುವೆ ನೀರನ್ನು ನಂಬಿ ಭತ್ತ ಹಚ್ಚಿದ ರೈತರು ಎಷ್ಟು ಕಳವಳಪಟ್ಟರು ಎಂಬುದನ್ನು ಹೊಸಪೇಟೆ, ಕಂಪ್ಲಿ ಕಡೆಯವರಿಗೆ ಹೇಳಬೇಕಾಗಿಲ್ಲ. ಭಯ ಕೂಡಾ ಹಂಚಿಕೊಳ್ಳುವ ವಸ್ತುವೇ. ಹಂಚಿಕೊಂಡಷ್ಟೂ ಅದು ಬೆಳೆದದ್ದನ್ನು ನಾವು ನೋಡಿದ್ದೇವೆ.

ಹಾಗಾದರೆ ಆತಂಕದಿಂದ ನಿದ್ದೆಗೆಟ್ಟವರು, ಖಿನ್ನತೆಯಿಂದ ಕುಗ್ಗಿದವರು ಎಂಟು ಜನ ಒಂದೇ ಕೋಣೆಯಲ್ಲಿ ಸುತ್ತ ಕೂತರೆ ಏನಾಗಬೇಕು? ಕೂಡುವ ಲೆಕ್ಕದಲ್ಲಿ ನೋಡಿದರೆ ಎಂಟು ಜನರ ಭಾರ ಎಲ್ಲರ ಮೇಲೂ ಬೀಳಬೇಕು. ಆದರೆ ಸರಿಯಾಗಿ ನಡೆದ ಇಂಥ ಕೂಟಗಳಿಂದ ಬಹಳಷ್ಟು ಜನ ಹಗುರಾಗಿ ಹೊರಬರುತ್ತಾರೆ. ವೈದ್ಯಲೋಕ ಇದನ್ನು ಗ್ರೂಪ್ ಥೆರಪಿ ಎನ್ನುತ್ತದೆ, ನಾವು ಗುಂಪು ಚಿಕಿತ್ಸೆ ಎನ್ನೋಣ. ಅದು ಹೇಗೆ ಕೆಲಸ ಮಾಡುತ್ತದೆ? ಕಟ್ಟೆಯ ಮೇಲಿನ ಮಾತಿಗೂ ಅದಕ್ಕೂ ಏನು ಅಂತರ?

ಬಳ್ಳಾರಿ ಕಲಿಸಿದ ಮೊದಲ ಪಾಠ

ಈ ಪ್ರಶ್ನೆಯನ್ನು ಹೊಸಪೇಟೆ, ಸಂಡೂರು, ಕಂಪ್ಲಿಯ ನೆಲದಲ್ಲಿ ನಿಂತು ಕೇಳುವುದಕ್ಕೆ ಒಂದು ಕಾರಣವಿದೆ. ಮನಸ್ಸಿನ ಕಾಯಿಲೆಗೆ ಊರಿನಲ್ಲೇ ಚಿಕಿತ್ಸೆ ಸಿಗಬೇಕು ಎಂಬ ವಿಚಾರವನ್ನು ಭಾರತ ಒಂದು ಇಡೀ ಜಿಲ್ಲೆಯ ಮಟ್ಟದಲ್ಲಿ ಪರೀಕ್ಷಿಸಿ ನೋಡಿದ್ದು ಇಲ್ಲಿಯೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1975ರ ಹೊತ್ತಿಗೆ ಸಕಲವಾರ ಎಂಬ ಹಳ್ಳಿಯಲ್ಲಿ ಸಣ್ಣದಾಗಿ ಈ ಕೆಲಸ ಶುರುಮಾಡಿತ್ತು. 1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ನಡೆಸುವ ಬಗೆ ಯಾವುದು ಎಂದು ಕಂಡುಕೊಳ್ಳಲು 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡರು. ಆಗ ಹೊಸಪೇಟೆ, ಸಂಡೂರು ಎರಡೂ ಬಳ್ಳಾರಿಯ ತಾಲ್ಲೂಕುಗಳು. ಕಂಪ್ಲಿ ಹೊಸಪೇಟೆ ತಾಲ್ಲೂಕಿನಲ್ಲಿತ್ತು. ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾದದ್ದು 2021ರಲ್ಲಿ.

ಈ ಪ್ರಯೋಗಕ್ಕೂ ಮುಂಚೆ ಇಲ್ಲಿಯ ಜನ ಮನಸ್ಸಿನ ಕಾಯಿಲೆ ಇದ್ದವರನ್ನು ಧಾರವಾಡಕ್ಕೋ ಬೆಂಗಳೂರಿಗೋ ಕರೆದೊಯ್ಯಬೇಕಿತ್ತು. ದುಡ್ಡಿಲ್ಲದವರು ದರ್ಗಾ, ಗುಡಿ ಸುತ್ತುತ್ತಿದ್ದರು. ನಿಮ್ಹಾನ್ಸ್‌ನ ತಜ್ಞರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕೆಲವೇ ಬಗೆಯ ಔಷಧಿ, ಸರಳವಾದ ದಾಖಲೆ ಪುಸ್ತಕ, ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬ ಮನೋವೈದ್ಯರ ತಂಡ, ಇಷ್ಟೇ ಬಂಡವಾಳ. 1990ರವರೆಗೆ ನಡೆದ ಈ ಪ್ರಯೋಗ "ಬಳ್ಳಾರಿ ಮಾದರಿ" ಎಂದು ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಅಚ್ಚು.

ತಜ್ಞರು ಬೆರಳೆಣಿಕೆಯಷ್ಟಿದ್ದರೂ ತರಬೇತಿ ಪಡೆದ ಸಾಮಾನ್ಯ ಸಿಬ್ಬಂದಿಯಿಂದ ಚಿಕಿತ್ಸೆ ಹಳ್ಳಿಗೆ ತಲುಪುತ್ತದೆ ಎಂಬುದನ್ನು ಬಳ್ಳಾರಿ ಕಲಿಸಿತು. ಆದರೆ ಆಗಿನ ಗಮನ ಮುಖ್ಯವಾಗಿ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲಿತ್ತು. ಮಾತ್ರೆ ಊರು ಸೇರಿತು, ಮಾತಿನ ಚಿಕಿತ್ಸೆ ಅಷ್ಟಾಗಿ ಸೇರಲಿಲ್ಲ. ಆತಂಕ, ಖಿನ್ನತೆ ಇರುವ ಬಹುಪಾಲು ಜನ ಇಂದಿಗೂ ಆಸ್ಪತ್ರೆಗೆ ಬರುವುದು ಗ್ಯಾಸ್, ಸುಸ್ತು, ತಲೆಭಾರ, ಎದೆ ಹಿಡಿದಂತಾಗುತ್ತದೆ ಎಂಬ ದೂರು ಹೊತ್ತು. ಇಸಿಜಿ ಸರಿಯಿದೆ ಎನ್ನಿಸಿಕೊಂಡು ಬಿ ಕಾಂಪ್ಲೆಕ್ಸ್ ಮಾತ್ರೆ ಹಿಡಿದು ಮನೆಗೆ ಮರಳುತ್ತಾರೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇಂಥ ಸಾಮಾನ್ಯ ಮಾನಸಿಕ ತೊಂದರೆ ಇರುವ 100 ಜನರಲ್ಲಿ 80ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಬಾಗಿಲು ಹಾಕಿಕೊಳ್ಳುವ ಕಾಯಿಲೆ

ಆತಂಕವೂ ಖಿನ್ನತೆಯೂ ಬೇರೆ ಬೇರೆ ತೊಂದರೆಗಳು, ಆದರೂ ಒಬ್ಬರಲ್ಲೇ ಎರಡೂ ಇರುವುದು ಬಹಳ ಸಾಮಾನ್ಯ. ಆತಂಕ ಮುಂದೇನೋ ಕೆಟ್ಟದ್ದು ಕಾದಿದೆ ಎನ್ನುತ್ತದೆ. ಖಿನ್ನತೆ ಇನ್ನು ಏನು ಮಾಡಿಯೂ ಪ್ರಯೋಜನವಿಲ್ಲ ಎನ್ನುತ್ತದೆ. ಮಾತು ಬೇರೆಯಾದರೂ ಎರಡೂ ಮಾಡಿಸುವ ಕೆಲಸ ಒಂದೇ, ಮನುಷ್ಯನನ್ನು ಜನರಿಂದ ದೂರ ಇಡುವುದು. ಆತಂಕವಿದ್ದವರು ಎದೆ ಹೊಡೆದುಕೊಳ್ಳುವ ಜಾಗಕ್ಕೆ ಹೋಗುವುದನ್ನು ತಪ್ಪಿಸುತ್ತಾರೆ. ಖಿನ್ನತೆ ಇದ್ದವರು ಎದ್ದು ಸೀರೆ ಉಟ್ಟು ಹೊರಡುವ ಶಕ್ತಿಯೇ ಇಲ್ಲವೆಂದು ಮನೆಯಲ್ಲೇ ಉಳಿಯುತ್ತಾರೆ. ಮದುವೆ ತಪ್ಪುತ್ತದೆ, ಜಾತ್ರೆ ತಪ್ಪುತ್ತದೆ, ಆಮೇಲೆ ಸಂತೆಯೂ ತಪ್ಪುತ್ತದೆ.

ಹೋಗದೆ ಉಳಿದ ದಿನ ಕೊಂಚ ನೆಮ್ಮದಿ ಸಿಗುತ್ತದೆ. ಕಾಯಿಲೆ ಬೇರುಬಿಡುವುದು ಆ ನೆಮ್ಮದಿಯಲ್ಲಿ. ಹೋಗದಿದ್ದದ್ದೇ ಒಳ್ಳೆಯದಾಯಿತು ಎಂದು ಮನಸ್ಸು ಕಲಿಯುತ್ತದೆ, ಮುಂದಿನ ಸಲ ತಪ್ಪಿಸಿಕೊಳ್ಳುವುದು ಇನ್ನೂ ಸುಲಭವಾಗುತ್ತದೆ. ಹೊರಗಿನ ಓಡಾಟ ನಿಂತಂತೆ ಒಳಗಿನ ಓಡಾಟ ಹೆಚ್ಚುತ್ತದೆ. ನನಗೇ ಯಾಕೆ ಹೀಗಾಯಿತು, ನಾನು ಹಾಗೆ ಮಾಡಬಾರದಿತ್ತು, ಜನ ಏನಂದುಕೊಂಡಿರಬಹುದು ಎಂದು ಅದದೇ ಯೋಚನೆ ಸುತ್ತುತ್ತದೆ. ಅಮೆರಿಕದ ಮನೋವಿಜ್ಞಾನಿ ಸೂಸನ್ ನೋಲನ್-ಹೋಕ್ಸೆಮಾ ಇದನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. ಹೀಗೆ ಕೊರಗನ್ನು ಮೆಲುಕು ಹಾಕುವ ಅಭ್ಯಾಸ ಇರುವವರಲ್ಲಿ ಖಿನ್ನತೆ ಹೆಚ್ಚು, ಬಂದ ಖಿನ್ನತೆ ಬಹುಕಾಲ ಉಳಿಯುವುದೂ ಹೆಚ್ಚು ಎಂದು ಅವರು ತೋರಿಸಿದರು.

ಹಂಪಿಯಲ್ಲಿ ಹರಿಗೋಲು ಹತ್ತಿದವರಿಗೆ ಇದು ಬೇಗ ಅರ್ಥವಾದೀತು. ಹರಿಗೋಲು ದುಂಡಗಿನ ಬುಟ್ಟಿ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಪಳಗದವರು ಹುಟ್ಟು ಹಿಡಿದು ಒಂದೇ ಬದಿಗೆ ಜೋರಾಗಿ ಎಳೆದರೆ ಅದು ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ತೋಳು ಸೋಲುತ್ತದೆ, ಬೆವರು ಇಳಿಯುತ್ತದೆ, ದಡ ಮಾತ್ರ ಅಷ್ಟೇ ದೂರ. ಕೊರಗುವ ಮನಸ್ಸು ಸೋಮಾರಿಯಲ್ಲ. ಅದು ಹಗಲಿರುಳು ದುಡಿಯುತ್ತದೆ. ದುಡಿದರೂ ಮುಂದೆ ಸಾಗುವುದಿಲ್ಲ ಎಂಬುದೇ ಅದರ ಸಂಕಟ.

ಕ್ಷಯರೋಗಿಗಳ ತರಗತಿ

ರೋಗಿಗಳನ್ನು ಗುಂಪಾಗಿ ಕೂರಿಸುವ ಪದ್ಧತಿ ಮನೋರೋಗದ ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. 1905ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಸೇರಿಸತೊಡಗಿದರು. ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ವಿಶ್ರಾಂತಿ, ಒಳ್ಳೆಯ ಆಹಾರ, ಶುದ್ಧ ಗಾಳಿ ಇವೇ ಮದ್ದು. ಸ್ಯಾನಿಟೋರಿಯಂಗೆ ಹೋಗಲು ದುಡ್ಡಿಲ್ಲದವರು ಇವನ್ನು ಮನೆಯಲ್ಲೇ ಪಾಲಿಸಬೇಕಿತ್ತು.

ಪ್ರಾಟ್ ಪ್ರತಿಯೊಬ್ಬರ ಕೈಗೂ ಒಂದು ಪುಸ್ತಕ ಕೊಟ್ಟರು. ಮೈ ಬಿಸಿ ಎಷ್ಟಿತ್ತು, ಏನು ತಿಂದರು, ಎಷ್ಟು ಹೊತ್ತು ಮಲಗಿದರು ಎಂದು ದಿನವೂ ಬರೆಯಬೇಕು. ವಾರದ ತರಗತಿಯಲ್ಲಿ ಎಲ್ಲರೂ ತೂಕ ನೋಡಿಸಿಕೊಳ್ಳಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಹೇಳಿದರೆ ಸಮಯ ಉಳಿಯುತ್ತದೆ ಎಂಬುದು ಅವರ ಮೊದಲ ಲೆಕ್ಕ. ಆದರೆ ತರಗತಿಯೊಳಗೆ ಇನ್ನೊಂದು ಸಂಗತಿ ನಡೆಯುತ್ತಿರುವುದು ಬೇಗ ಅವರ ಕಣ್ಣಿಗೆ ಬಿತ್ತು. ತೂಕ ಏರಿದವರನ್ನು ನೋಡಿ ಹೊಸಬರು ಗಟ್ಟಿಯಾದರು. ಜನಾಂಗ, ಧರ್ಮ ಬೇರೆಯಾದರೂ ಒಂದೇ ಕಾಯಿಲೆಯವರು ಎಂಬ ನಂಟು ಬೆಳೆಯಿತು. ಡಾಕ್ಟರರ ಉಪದೇಶ ಮಾಡಲಾಗದ ಕೆಲಸವನ್ನು ಪಕ್ಕದ ಕುರ್ಚಿಯ ರೋಗಿ ಮಾಡುತ್ತಿದ್ದ.

ಎರಡನೇ ಮಹಾಯುದ್ಧದಲ್ಲಿ ಮನಸ್ಸು ಮುರಿದು ಬಂದ ಸೈನಿಕರ ಸಂಖ್ಯೆಗೆ ತಕ್ಕಷ್ಟು ತಜ್ಞರಿಲ್ಲದಾಗ ಬ್ರಿಟನ್ನಿನ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆ ಇದೇ ದಾರಿ ಹಿಡಿಯಿತು. 1970ರಲ್ಲಿ ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ ಗುಂಪು ಚಿಕಿತ್ಸೆಯ ಬಗ್ಗೆ ಬರೆದ ಪುಸ್ತಕ ಇಂದಿಗೂ ಈ ಕ್ಷೇತ್ರದ ಪಠ್ಯ. ಗುಂಪಿನಲ್ಲಿ ಗುಣಪಡಿಸುವ ಅಂಶಗಳು ಯಾವುವು ಎಂದು ಯಾಲಮ್ ಪಟ್ಟಿಮಾಡಿದ್ದಾರೆ. ಭರವಸೆ ಮೂಡುವುದು, ಈ ಸಂಕಟ ನನ್ನೊಬ್ಬನದಲ್ಲ ಎಂದು ತಿಳಿಯುವುದು, ಇನ್ನೊಬ್ಬರಿಗೆ ನೆರವಾಗುವುದು ಮೊದಲಾದ ಹನ್ನೊಂದು ಅಂಶಗಳು ಅದರಲ್ಲಿವೆ. ಇವುಗಳಲ್ಲಿ ಬಹಳಷ್ಟನ್ನು ಹೊಸೆದ ಎಳೆ ಒಂದೇ. ಅದನ್ನು ನೋಡಲು ಒಂದು ಕೂಟದೊಳಗೆ ಹೋಗಬೇಕು.

ಕೋಣೆಯೊಳಗೆ ಒಂದೂವರೆ ತಾಸು

ಇದು ನಡೆದ ಘಟನೆಯ ವರದಿಯಲ್ಲ. ಇಂಥ ಕೂಟಗಳು ನಡೆಯುವ ರೀತಿ ತಿಳಿಯಲೆಂದು ಕಟ್ಟಿದ ಚಿತ್ರ.

ತಾಲ್ಲೂಕು ಆಸ್ಪತ್ರೆಯ ಒಂದು ಕೋಣೆ, ಮಧ್ಯಾಹ್ನದ ಹೊತ್ತು. ಏಳು ಹೆಂಗಸರು ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಕೂಟ ನಡೆಸುವ ಆಪ್ತಸಮಾಲೋಚಕಿಯದೂ ಅದೇ ಸುತ್ತಿನಲ್ಲಿ ಒಂದು ಕುರ್ಚಿ. ಮೊದಲ ದಿನವೇ ಎಲ್ಲರೂ ಒಪ್ಪಿದ ಕಟ್ಟಳೆಗಳಿವೆ. ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಮಾತಾಡಲು ಮನಸ್ಸಿಲ್ಲದವರು ಸುಮ್ಮನೆ ಕೂತರೂ ಸರಿ. ವಾರ ಹೇಗಿತ್ತು ಎಂದು ಒಬ್ಬೊಬ್ಬರೂ ಒಂದೆರಡು ಮಾತು ಹೇಳುತ್ತಾರೆ.

ಮೂರು ವಾರದಿಂದ ತಲೆ ತಗ್ಗಿಸಿ ಕೂತಿದ್ದ ಕಂಪ್ಲಿ ಕಡೆಯ ಒಬ್ಬ ಹೆಂಗಸು ಈ ದಿನ ಬಾಯಿ ಬಿಡುತ್ತಾಳೆ. ಭತ್ತದ ಬೆಳೆ ಕೈಕೊಟ್ಟ ವರ್ಷ ಸ್ವಸಹಾಯ ಸಂಘದ ಸಾಲದ ಎರಡು ಕಂತು ತಪ್ಪಿತ್ತು. ಅಲ್ಲಿಂದ ಸಂಘದ ಮೀಟಿಂಗ್ ಬಿಟ್ಟಿದ್ದಾಳೆ. "ಮೀಟಿಂಗ್ ದಿನ ಬಂತಂದ್ರ ಬೆಳಿಗ್ಗಿಂದನ ಎದಿ ಡವಡವ ಅಂತೈತ್ರಿ. ಎಲ್ರೂ ನನ್ನ ಬಗ್ಗೇನ ಮಾತಾಡ್ತಿರ್ತಾರ. ಮಾರಿ ತೋರ್ಸಾಕ ಆಗವಲ್ದು."

ಪಕ್ಕದ ಹಿರಿಯಾಕೆ ತಟ್ಟನೆ ಅನ್ನುತ್ತಾಳೆ: "ಅಯ್ಯ ನಮ್ಮವ್ವಾ, ನಾನೂ ಮೂರು ಕಂತು ತಪ್ಪಿಸಿದ್ದೆ. ಹಿತ್ತಲ ಬಾಗಿಲಿಂದ ಓಡಾಡ್ತಿದ್ದೆ ನೋಡು."

ಆಪ್ತಸಮಾಲೋಚಕಿ ಉಪದೇಶ ಮಾಡುವುದಿಲ್ಲ. ಒಂದು ಪ್ರಶ್ನೆ ಕೇಳುತ್ತಾರೆ: "ನೀವು ಹೋಗದ ಮೀಟಿಂಗಿನಾಗ ನಿಮ್ಮ ಬಗ್ಗೆ ಏನು ಮಾತಾಡಿದ್ರು?"

"ಗೊತ್ತಿಲ್ರಿ. ನಾನು ಹೋಗೇ ಇಲ್ಲಲ್ಲ."

ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ಹೋಗಿಲ್ಲ, ಆದ್ದರಿಂದ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಎಲ್ಲರೂ ಆಡಿಕೊಳ್ಳುತ್ತಾರೆ ಎಂಬ ನಂಬಿಕೆ ಮಾತ್ರ ಗಟ್ಟಿ. ಇದು ಅವಳಿಗೆ ಹೊಳೆಯುವುದು ಏಳು ಜನರ ಮುಂದೆ ತಾನೇ ಆಡಿದ ಮಾತು ತನ್ನ ಕಿವಿಗೆ ಬಿದ್ದಾಗ. ಮುಂದಿನ ವಾರದೊಳಗೆ ಒಮ್ಮೆ ಮೀಟಿಂಗಿಗೆ ಹೋಗಿ ಹತ್ತು ನಿಮಿಷ ಕೂತು ಬರುವುದು ಎಂದು ನಿಶ್ಚಯವಾಗುತ್ತದೆ. ಏನಾಗಬಹುದು ಎಂಬ ಅವಳ ಊಹೆಯನ್ನೂ ಅಲ್ಲೇ ಹೇಳಿಸುತ್ತಾರೆ: ಯಾರೂ ಮಾತಾಡಿಸುವುದಿಲ್ಲ, ಬೆನ್ನ ಹಿಂದೆ ನಗುತ್ತಾರೆ.

ಮರುವಾರ ಅವಳೇ ಮೊದಲು ಮಾತಾಡುತ್ತಾಳೆ. "ಹೋಗಿದ್ದೆ ರಿ. ಒಬ್ಬಾಕಿ, ಯಾಕ ಬರ್ತಿದ್ದಿಲ್ಲ, ಮೈಯಾಗ ಆರಾಮ ಇದ್ದಿಲ್ಲೇನು ಅಂದ್ಲು. ಲೆಕ್ಕ ಬರಿಯಾಕಿ ಕಂತು ಕೇಳಿದ್ಲು. ಸ್ವಲ್ಪ ಸ್ವಲ್ಪ ಕಟ್ತೀನಂದೆ. ಯಾರೂ ನಗ್ಲಿಲ್ಲ." ಎಲ್ಲವೂ ಸಿಹಿಯಾಗಿ ಮುಗಿಯಲಿಲ್ಲ ಎಂಬುದನ್ನು ಗಮನಿಸಿ. ಕಂತು ಕೇಳಿದರು, ಸಾಲ ಹಾಗೇ ಇದೆ. ಆದರೆ ತಿಂಗಳುಗಟ್ಟಲೆ ಅವಳನ್ನು ಮನೆಯಲ್ಲಿ ಕೂರಿಸಿದ್ದ ಊಹೆ ಸುಳ್ಳಾಯಿತು.

ಊಹೆ ಸುಳ್ಳಾಗುವ ಜಾಗ

ಗುಂಪು ಚಿಕಿತ್ಸೆಯ ಮೂಲ ಇಲ್ಲಿದೆ. ನಮ್ಮ ಮೆದುಳು ಸದಾ ಮುಂದಿನದನ್ನು ಊಹಿಸುತ್ತಿರುತ್ತದೆ. ಊಹಿಸಿದ್ದೇ ನಡೆದರೆ ಅದಕ್ಕೆ ಹೊಸದಾಗಿ ಕಲಿಯುವುದೇನೂ ಇಲ್ಲ. ಊಹಿಸಿದ್ದು ಒಂದು, ನಡೆದದ್ದು ಇನ್ನೊಂದು ಆದಾಗ ಹಳೆಯ ಲೆಕ್ಕ ತಿದ್ದಿಕೊಳ್ಳುತ್ತದೆ. ಕಲಿಕೆಯನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಈ ಅಂತರಕ್ಕೆ ಪ್ರಿಡಿಕ್ಷನ್ ಎರರ್ ಎನ್ನುತ್ತಾರೆ. ನಾವು ಊಹೆಯ ಸೋಲು ಎನ್ನಬಹುದು. ಆತಂಕ, ಖಿನ್ನತೆಗಳ ಬಲವೆಲ್ಲ ಈ ಸೋಲು ಆಗದಂತೆ ನೋಡಿಕೊಳ್ಳುವುದರಲ್ಲಿದೆ. ಮನೆಯಲ್ಲೇ ಕೂತವರ ಊಹೆಗೆ ಪರೀಕ್ಷೆಯೇ ಇಲ್ಲ. ಪರೀಕ್ಷೆ ಇಲ್ಲದ್ದರಿಂದ ಅದು ಸೋಲುವುದೂ ಇಲ್ಲ.

ಕೂಟದಲ್ಲಿ ಕೂತವರ ಮೂರು ಊಹೆಗಳು ಒಂದಾದ ಮೇಲೊಂದು ಸೋಲುತ್ತವೆ. ಇದನ್ನು ಹೇಳಿದರೆ ಜನ ನನ್ನನ್ನು ಕೀಳಾಗಿ ನೋಡುತ್ತಾರೆ ಎಂಬುದು ಮೊದಲನೆಯದು. ಹೇಳಿದ ಮೇಲೆ ಯಾರೂ ಮುಖ ತಿರುಗಿಸುವುದಿಲ್ಲ. ನನಗೊಬ್ಬಳಿಗೇ ಹೀಗೆ ಎಂಬುದು ಎರಡನೆಯದು. ಎದುರಿನ ಮೂವರು ತಮಗೂ ಹಾಗೇ ಆಗಿತ್ತು ಎನ್ನುತ್ತಾರೆ. ನಾನು ಯಾರಿಗೂ ಉಪಯೋಗವಿಲ್ಲದವಳು ಎಂಬುದು ಮೂರನೆಯದು. ಅದು ಸೋಲುವುದು ಕೆಲವು ವಾರ ಕಳೆದ ಮೇಲೆ, ತನ್ನ ಮಾತಿನಿಂದ ಇನ್ನೊಬ್ಬಳಿಗೆ ಧೈರ್ಯ ಬಂದದ್ದನ್ನು ಕಣ್ಣಾರೆ ಕಂಡಾಗ.

ಮನೆಯವರು ಇದನ್ನೇ ಹೇಳಿದರೆ ಸಾಲದೇ ಎಂದು ಕೇಳಬಹುದು. ಅವರು ಹೇಳುತ್ತಲೇ ಇರುತ್ತಾರೆ, ಆದರೆ ನಾಟುವುದಿಲ್ಲ. ತಾಯಿ ಸಮಾಧಾನ ಹೇಳಿದರೆ ಅವಳು ತಾಯಿ, ಹೇಳಲೇಬೇಕಲ್ಲ ಎಂದು ನೊಂದ ಮನಸ್ಸು ಅದನ್ನು ತಳ್ಳಿಹಾಕುತ್ತದೆ. ಡಾಕ್ಟರ್ ಹೇಳಿದರೆ ಅದು ಅವರ ಉದ್ಯೋಗ. ಯಾವ ಹಂಗೂ ಇಲ್ಲದ, ಅದೇ ನೋವು ಉಂಡ ಅಪರಿಚಿತೆ ಹೇಳಿದರೆ ತಳ್ಳಿಹಾಕಲು ನೆಪ ಸಿಗುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ನಮ್ಮ ತಪ್ಪು ಊಹೆ ನಮಗೆ ಕಾಣುವುದಿಲ್ಲ, ಬೇರೆಯವರದು ಚೆನ್ನಾಗಿ ಕಾಣುತ್ತದೆ. "ಬೆಳೆ ಹೋದ್ರ ನಿನ್ನ ತಪ್ಪೇನವ್ವಾ" ಎಂದು ಪಕ್ಕದವಳಿಗೆ ಹೇಳಿದಾಕೆ, ಆ ಮಾತು ತನಗೂ ಸಲ್ಲುತ್ತದೆ ಎಂದು ಮನೆಗೆ ಹೋಗುವ ದಾರಿಯಲ್ಲಿ ಯೋಚಿಸುತ್ತಾಳೆ. ನೆರವು ಕೊಟ್ಟವರೇ ಹೆಚ್ಚು ಗುಣವಾಗುವುದನ್ನು ಅಮೆರಿಕದ ಫ್ರಾಂಕ್ ರೀಸ್‌ಮನ್ 1965ರಲ್ಲೇ ಗುರುತಿಸಿ ಬರೆದಿದ್ದರು.

ಕೂಡಿ ಕೊರಗುವುದು ಚಿಕಿತ್ಸೆಯಲ್ಲ

ಕಟ್ಟೆಯ ಮೇಲಿನ ಮಾತಿಗೂ ಕೂಟಕ್ಕೂ ಇರುವ ಅಂತರ ಈಗ ಸ್ಪಷ್ಟವಾಗುತ್ತದೆ. 2002ರಲ್ಲಿ ಅಮಾಂಡಾ ರೋಸ್ ಎಂಬ ಸಂಶೋಧಕಿ ಶಾಲಾ ಮಕ್ಕಳ ಸ್ನೇಹವನ್ನು ಅಭ್ಯಾಸ ಮಾಡಿ ಒಂದು ವಿಚಿತ್ರ ಸಂಗತಿ ಕಂಡುಕೊಂಡರು. ಒಂದೇ ಕಷ್ಟವನ್ನು ಮತ್ತೆ ಮತ್ತೆ ಕೆದಕಿ ಮಾತಾಡುವ ಗೆಳತಿಯರ ನಡುವೆ ಸಲುಗೆ ಹೆಚ್ಚಿತ್ತು. ಜೊತೆಗೆ ಖಿನ್ನತೆ, ಆತಂಕದ ಲಕ್ಷಣಗಳೂ ಹೆಚ್ಚಿದ್ದವು. ಇದನ್ನು ಕೂಡಿ ಕೊರಗುವುದು ಎನ್ನೋಣ. ಹರಿಗೋಲಿನಲ್ಲಿ ಇಬ್ಬರು ಕೂತು ಇಬ್ಬರೂ ಒಂದೇ ಕಡೆಗೆ ಎಳೆದಂತೆ ಇದು. ಜೊತೆ ಸಿಕ್ಕಿತು, ಸುತ್ತುವ ವೇಗವೂ ಹೆಚ್ಚಿತು.

ಕೂಟ ನಡೆಸುವವರು ಅಂಬಿಗರ ಕೆಲಸ ಮಾಡುತ್ತಾರೆ. ಮಾತು ಅಲ್ಲಲ್ಲೇ ಸುತ್ತತೊಡಗಿದರೆ ಅದನ್ನು ಈ ವಾರ ಮಾಡಬಹುದಾದ ಒಂದು ಕೆಲಸದ ಕಡೆಗೆ ತಿರುಗಿಸುತ್ತಾರೆ. ಒಬ್ಬರೇ ಹೊತ್ತೆಲ್ಲ ಮಾತಾಡದಂತೆ ನೋಡಿಕೊಳ್ಳುತ್ತಾರೆ. ಮಾತಿಗೆ ಮೊದಲು, ಕೊನೆ ಇರುತ್ತದೆ. ಕೂಟಗಳು ಇಷ್ಟು ವಾರ ಎಂದು ಮುಂಚೆಯೇ ಗೊತ್ತುಮಾಡಿರುತ್ತಾರೆ. ಮನೆಗೆ ಹೋದ ಮೇಲೆ ಮಾಡುವ ಕೆಲಸ ಇರುತ್ತದೆ, ಮರುವಾರ ಬಂದು ಅದರ ಫಲ ಹೇಳಬೇಕಾಗುತ್ತದೆ. ಇದೆಲ್ಲ ಇಲ್ಲದಿದ್ದರೆ ಎಂಟು ಜನ ಕೂತರೂ ಅದು ಚಿಕಿತ್ಸೆಯಾಗುವುದಿಲ್ಲ.

ಉಗಾಂಡದ ಮೂವತ್ತು ಹಳ್ಳಿಗಳು

ಗುಂಪು ಚಿಕಿತ್ಸೆ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಏನು? ಬಹಳ ಗಟ್ಟಿಯಾದ ಪುರಾವೆಗಳಲ್ಲಿ ಒಂದು ಬಂದದ್ದು ಆಫ್ರಿಕಾದ ಉಗಾಂಡದಿಂದ. ಅದರ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಏಡ್ಸ್‌ನಿಂದ ಮನೆಮನೆಯಲ್ಲೂ ಸಾವು ಕಂಡ ಗ್ರಾಮೀಣ ಪ್ರದೇಶ ಅದು, ಮನೋವೈದ್ಯರಂತೂ ಬಹಳ ವಿರಳ. 30 ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನ ಹಳ್ಳಿಗಳಲ್ಲಿ ಖಿನ್ನತೆ ಇದ್ದವರು ವಾರಕ್ಕೊಮ್ಮೆ, 90 ನಿಮಿಷ, 16 ವಾರ ಕೂಡಿದರು. ಗಂಡಸರದೇ ಬೇರೆ ಗುಂಪು, ಹೆಂಗಸರದೇ ಬೇರೆ. ನಡೆಸಿದವರು ಎರಡು ವಾರ ತರಬೇತಿ ಪಡೆದ ಅದೇ ಸೀಮೆಯ ಜನ. ಕಾಯಿಲೆಯ ಹಿಂದಿನ ಕಾರಣವನ್ನು ಅವರು ಮೂರು ಕಡೆ ಹುಡುಕುತ್ತಿದ್ದರು: ಹತ್ತಿರದವರ ಸಾವು, ಮನೆಯ ಜಗಳ, ಬದುಕಿನಲ್ಲಾದ ದೊಡ್ಡ ಬದಲಾವಣೆ.

ಚಿಕಿತ್ಸೆ ಪಡೆದ ಹಳ್ಳಿಗಳಿಂದ ಆರಿಸಿಕೊಂಡವರಲ್ಲಿ ಶುರುವಿಗೆ ಶೇ. 86ರಷ್ಟು ಜನರಿಗೆ ತೀವ್ರ ಖಿನ್ನತೆಯ ಲಕ್ಷಣಗಳು ಪೂರ್ತಿ ಇದ್ದವು. ಮುಗಿದಾಗ ಉಳಿದದ್ದು ಶೇ. 6.5. ಕೂಟ ನಡೆಯದ ಹಳ್ಳಿಗಳವರಲ್ಲಿ ಅದೇ ಅವಧಿಯಲ್ಲಿ ಶೇ. 94 ಇದ್ದದ್ದು ಶೇ. 54.7ಕ್ಕೆ ಇಳಿದಿತ್ತು. ಕಾಲ ಕಳೆದಂತೆ ತಾನಾಗಿಯೇ ಒಂದಿಷ್ಟು ಇಳಿಯುತ್ತದೆ ಎಂಬುದನ್ನು ಎರಡನೆಯ ಲೆಕ್ಕ ಹೇಳುತ್ತದೆ. ಕೂಟದಿಂದ ಎಷ್ಟು ಹೆಚ್ಚು ಇಳಿಯಿತು ಎಂಬುದನ್ನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಈ ಪದ್ಧತಿಯ ಕೈಪಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದಿತು.

ನಮ್ಮ ರಾಜ್ಯದ ಆಗಿನ ರಾಮನಗರ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಸುಮಾರು 50 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದೊಡ್ಡ ಅಧ್ಯಯನ ನಡೆಸಿದರು. ಖಿನ್ನತೆ ಅಥವಾ ಆತಂಕದ ಜೊತೆಗೆ ಸಕ್ಕರೆ ಕಾಯಿಲೆ, ಬಿಪಿಯಂಥ ತೊಂದರೆ ಇದ್ದವರಿಗೆ ಕೇಂದ್ರದ ಚಿಕಿತ್ಸೆಯ ಜೊತೆ ಆಶಾ ಕಾರ್ಯಕರ್ತೆಯರು ನಡೆಸುವ ಗುಂಪು ಕೂಟಗಳೂ ಇದ್ದವು. ಮಾಮೂಲಿ ಚಿಕಿತ್ಸೆಗಿಂತ ಇದರಲ್ಲಿ ಖಿನ್ನತೆ ಹೆಚ್ಚು ಇಳಿಯಿತು. ಔಷಧಿ, ಡಾಕ್ಟರರ ತರಬೇತಿ, ಕೂಟ ಎಲ್ಲವೂ ಕೂಡಿದ ಏರ್ಪಾಡಾದ್ದರಿಂದ ಪೂರ್ತಿ ಕೀರ್ತಿಯನ್ನು ಗುಂಪಿಗೇ ಕೊಡಲಾಗದು. ಆದರೆ ಆಶಾ ಕಾರ್ಯಕರ್ತೆಯರು ಇಂಥ ಕೂಟ ನಡೆಸಬಲ್ಲರು, ಹಳ್ಳಿಯ ಜನ ಅದಕ್ಕೆ ಬರುತ್ತಾರೆ ಎಂಬುದು ಕರ್ನಾಟಕದ ನೆಲದಲ್ಲೇ ಕಂಡ ಸತ್ಯ.

ಗುಂಪು ಚಿಕಿತ್ಸೆ ಬಡವರಿಗೆ ಕೊಡುವ ಅಗ್ಗದ ಮಾಲು ಎಂಬ ಅನುಮಾನಕ್ಕೂ ಉತ್ತರವಿದೆ. ಗ್ಯಾರಿ ಬರ್ಲಿಂಗೇಮ್ ಮತ್ತು ಜೊತೆಗಾರರು 2016ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ಒಂದೇ ಚಿಕಿತ್ಸೆಯನ್ನು ಅಷ್ಟೇ ಪ್ರಮಾಣದಲ್ಲಿ ಒಬ್ಬೊಬ್ಬರಿಗೇ ಕೊಟ್ಟರೂ ಗುಂಪಿನಲ್ಲಿ ಕೊಟ್ಟರೂ ಫಲ ಒಂದೇ ಎಂದು ಕಂಡುಬಂತು.

ಯಾರಿಗೆ, ಎಲ್ಲಿ

ಗುಂಪು ಎಲ್ಲರಿಗೂ ಎಲ್ಲ ಹೊತ್ತಿಗೂ ಸಲ್ಲುವುದಿಲ್ಲ. ಸಾಯುವ ಯೋಚನೆ ಬಲವಾಗಿ ಕಾಡುತ್ತಿರುವವರು, ಇಲ್ಲದ ಧ್ವನಿ ಕೇಳುವವರು, ಉನ್ಮಾದದಲ್ಲಿರುವವರು, ಕುಡಿತದ ಅಮಲಿನಲ್ಲಿರುವವರು ಮೊದಲು ಮನೋವೈದ್ಯರನ್ನು ಕಾಣಬೇಕು. ಮಾತ್ರೆ ನಡೆಯುತ್ತಿದ್ದರೆ ಕೂಟಕ್ಕೆ ಸೇರಿದೆನೆಂದು ಅದನ್ನು ಬಿಡಬಾರದು. ಸಣ್ಣ ಊರಿನಲ್ಲಿ ಗುಟ್ಟು ಉಳಿಯುತ್ತದೆಯೇ ಎಂಬ ಹೆದರಿಕೆ ಸುಳ್ಳಲ್ಲ. ಅದಕ್ಕಾಗಿಯೇ ಒಂದೇ ಓಣಿಯವರನ್ನು, ನೆಂಟರನ್ನು ಒಂದೇ ಗುಂಪಿಗೆ ಸೇರಿಸದಿರುವುದು ಒಳ್ಳೆಯದು.

ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮ ಕರ್ನಾಟಕದಲ್ಲಿದೆ. ಅಲ್ಲಿ ವಿಚಾರಿಸಬಹುದು. ಹೋಗಲು ಸಂಕೋಚವಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಹಗಲು ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಕಾಯ್ದೆಯ ಪ್ರಕಾರ ನಮ್ಮೆಲ್ಲರ ಹಕ್ಕು.

ಈ ನೆಲಕ್ಕೆ ಉಳಿದಿರುವ ಕೆಲಸ

ಹೊಸಪೇಟೆ, ಸಂಡೂರು, ಕಂಪ್ಲಿಯ ಬದುಕು ಏಳುಬೀಳುಗಳ ಬದುಕು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರನ್ನೇ ನಂಬಿದ ಲಾರಿಗಳೂ ನಿಂತವು. ಕಾಲುವೆಗೆ ನೀರು ಬಿಡುವ ದಿನ ಹಿಂದೆ ಮುಂದೆ ಆದರೆ ಒಂದು ಬೆಳೆಯೇ ಹೋಗುತ್ತದೆ. ಇಂಥ ಹೊಡೆತ ಬಿದ್ದಾಗ ಜನ ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಆದರೆ ಕೂಡುವ ಅಭ್ಯಾಸವೂ ಈ ಸೀಮೆಗೆ ಹೊಸದಲ್ಲ. ಸ್ತ್ರೀಶಕ್ತಿ ಸಂಘಗಳು ವಾರವಾರ ಸೇರುತ್ತವೆ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಕೂಡಿ ಕೂತು ಕಸೂತಿ ಹಾಕುತ್ತಾರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿಗಳು ಹೊಲಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕಸೂತಿಯ ಕೂಟವಾಗಲಿ ಉಳಿತಾಯದ ಸಂಘವಾಗಲಿ ಚಿಕಿತ್ಸೆಯಲ್ಲ, ನಿಜ. ಆದರೆ ಮನೆಯಿಂದ ಹೊರಬಂದು ಜನರ ಜೊತೆ ಕೂತಾಗಲೇ ಗುಣವಾಗುವ ದಾರಿಯ ಮೊದಲ ಹೆಜ್ಜೆ ಇಟ್ಟಂತೆ. ಸಂಘಕ್ಕೆ ಬರುವುದನ್ನು ನಿಲ್ಲಿಸಿದವರು ಯಾರು ಎಂಬುದು ಮೊದಲು ಗೊತ್ತಾಗುವುದೂ ಸಂಘದವರಿಗೇ.

ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ನೂರಾರು ಪುಸ್ತಕ ಬರೆದು, ಸಾಮಾನ್ಯ ಜನರಿಗೆ ಆಪ್ತಸಮಾಲೋಚನೆ ಕಲಿಸಿ, 2024ರಲ್ಲಿ ಪದ್ಮಶ್ರೀ ಪಡೆದರು. ಮಾತಿನ ಚಿಕಿತ್ಸೆಗೆ ಬೇಕಾದ ಭಾಷೆ, ಕೈಪಿಡಿ, ತರಬೇತಿಯ ಬಗೆ ಎಲ್ಲವೂ ನಮ್ಮಲ್ಲಿವೆ. ಮಾತ್ರೆಯನ್ನು ಹಳ್ಳಿಗೆ ಮುಟ್ಟಿಸುವುದು ಹೇಗೆಂದು 1985ರಲ್ಲಿ ದೇಶಕ್ಕೆ ತೋರಿಸಿದ ನೆಲ ಇದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಕೂಟ, ಅದನ್ನು ನಡೆಸಲು ತರಬೇತಾದ ಇಬ್ಬರು, ಒಂದು ಕೋಣೆ, ಹತ್ತು ಕುರ್ಚಿ. ಇಷ್ಟು ಆದರೆ ಬಳ್ಳಾರಿ ಮಾದರಿಯ ಉಳಿದರ್ಧವನ್ನೂ ಇಲ್ಲಿಂದಲೇ ತೋರಿಸಬಹುದು. ಜಿಲ್ಲಾ ಆರೋಗ್ಯ ಇಲಾಖೆಗಳು ಇದನ್ನು ಕೈಗೆತ್ತಿಕೊಳ್ಳಬೇಕು. ನಿಮ್ಮ ಸಂಘದಲ್ಲಿ, ಓಣಿಯಲ್ಲಿ ಕೆಲವು ವಾರದಿಂದ ಕಾಣದವರು ಯಾರಾದರೂ ಇದ್ದರೆ, ಅವರ ಮನೆಗೆ ಹೋಗಿ ಮಾತಾಡಿಸಿ, ಜೊತೆಗೆ ಆಸ್ಪತ್ರೆಯವರೆಗೆ ನಡೆದು ಬನ್ನಿ.